ಮೇಜಿನ ಮೇಲಿನ ಉಗಿಬಂಡಿ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಿದೆ. ಅಲ್ಲಿನ ಪೆಂಡನ್ ಮ್ಯೂಸಿಯಮ್ಮಿನಲ್ಲಿ ರಾಜರ ಕಿರೀಟವಿಲ್ಲ, ಯುದ್ಧದ ಕತ್ತಿಯಿಲ್ಲ. ಹುಲ್ಲು ಹೊದಿಸಿದ ಮನೆಗಳು, ತರಕಾರಿ ಮಡಿಗಳು, ಬೇಲಿಗಳು, ಅವುಗಳ ನಡುವೆ ಹಾದುಹೋಗುವ ಉಗಿಬಂಡಿ. ಎಲ್ಲವೂ ನಿಜ ಅಳತೆಯ 76ರಲ್ಲಿ ಒಂದು ಪಾಲು. ಆರಡಿ ಎತ್ತರದ ಮನುಷ್ಯ ಅಲ್ಲಿ ಒಂದಂಗುಲವೂ ಇಲ್ಲ.

ಇದನ್ನು ಶುರುಮಾಡಿದವರು ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್ ಆದರೂ ಊರು ಆಸ್ಟ್ರೇಲಿಯಾ. 1925ರಲ್ಲಿ ಬ್ರಿಟನ್ನಿಗೆ ಬಂದ ಈ ತರುಣ ಅಲ್ಲಿನ ಹಳ್ಳಿಗಳಿಗೆ ಮನಸೋತರು. ಆದರೆ ಅವರ ಕಣ್ಣೆದುರೇ ಹುಲ್ಲಿನ ಮಾಡುಗಳು ಕೆಳಗಿಳಿದು ತಗಡು ಮೇಲೇರುತ್ತಿತ್ತು. ಇನ್ನು ಕೆಲವು ವರ್ಷ ಕಳೆದರೆ ಇದೊಂದೂ ಉಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿತು. ತಡೆಯುವ ಶಕ್ತಿ ಒಬ್ಬ ಪರದೇಶಿಗೆ ಎಲ್ಲಿಂದ ಬರಬೇಕು? ಅವರು ಟೇಪು ಹಿಡಿದು ಮನೆಗಳನ್ನು ಅಳೆಯತೊಡಗಿದರು. ಫೋಟೋ ತೆಗೆದರು. ಕಾರ್ಡಿನ ಮೇಲೆ ಇಟ್ಟಿಗೆಗಳನ್ನು ಗೀರಿ, ಒಂದೊಂದು ಇಟ್ಟಿಗೆಗೂ ಬೇರೆಬೇರೆ ಛಾಯೆಯ ಬಣ್ಣ ಕೊಟ್ಟರು. ಒಂದು ಮನೆಗೆ ನೂರಾರು ಗಂಟೆಗಳ ಕೆಲಸ. 1954ರಲ್ಲಿ ಮ್ಯೂಸಿಯಂ ಆರಂಭವಾಯಿತು. 1995ರಲ್ಲಿ ಅವರು ತೀರಿಕೊಂಡರು. ಮುಂದಿನವರು ಅದೇ ತಾಳ್ಮೆಯಿಂದ ಆ ಕೆಲಸವನ್ನು ಮುಂದುವರಿಸಿದರು.

ರೈಲಿನ ಮಾದರಿ ಕಟ್ಟುವ ಹವ್ಯಾಸಿಗಳು ತಮ್ಮ ಈ ಜಗತ್ತನ್ನು ಲೇಔಟ್ ಎನ್ನುತ್ತಾರೆ. ನಮ್ಮ ಕಡೆ ಲೇಔಟ್ ಎಂದರೆ ಸೈಟು, ಸೈಟೆಂದರೆ ತಕರಾರು. ಅವರಿಗೆ ಅದು ಮೇಜಿನ ಮೇಲಿನ ಒಂದು ನಾಡು. ಮರದ ಹಲಗೆಯ ಮೇಲೆ ಹಳಿ ಕೂರಿಸುತ್ತಾರೆ, ತಂತಿಬಲೆಯ ಮೇಲೆ ಪ್ಲಾಸ್ಟರ್ ಮೆತ್ತಿ ಗುಡ್ಡ ಎಬ್ಬಿಸುತ್ತಾರೆ, ಬಣ್ಣ ಹಾಕಿದ ಮರದ ಹುಡಿಯಿಂದ ಹುಲ್ಲು ಬೆಳೆಸುತ್ತಾರೆ. ಹೊಸದಾಗಿ ತಂದ ಹೊಳೆಯುವ ಎಂಜಿನ್ನಿಗೆ ಮಸಿ, ತುಕ್ಕು, ಸುಣ್ಣದ ಕಲೆಗಳನ್ನು ಬೇಕೆಂದೇ ಬಳಿಯುತ್ತಾರೆ. ಹೊಸತನ್ನು ಹಳತು ಮಾಡುವುದಕ್ಕೆ ಹಣ ಖರ್ಚು ಮಾಡುವ ಇಂಥ ಕಸುಬು ಮತ್ತೊಂದಿದೆಯೋ ಇಲ್ಲವೋ. ಹೆಚ್ಚಿನವರಿಗೆ ಇಷ್ಟವಾಗುವುದು ಉಗಿಯಂತ್ರದ ಕಾಲ. ಡೀಸೆಲ್ ಮತ್ತು ವಿದ್ಯುತ್ ಬಂಡಿಗಳಿಗೂ ಅಭಿಮಾನಿಗಳಿದ್ದಾರೆ. ಆದರೆ ಹೊಗೆಬಂಡಿಗೆ ಇರುವ ಮೋಹವೇ ಬೇರೆ.

ಆ ಮೋಹವನ್ನು ನಾವು ಹಗುರವಾಗಿ ಕಾಣುವವರಲ್ಲ. ಮೀಟರ್‌ಗೇಜ್ ಹಳಿಗಳ ಮಗ್ಗುಲಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ಕಿಟಕಿಯಾಚೆ ತಲೆ ಹಾಕಿದಾಗ ಕಣ್ಣಿಗೆ ಬೀಳುತ್ತಿದ್ದ ಕಲ್ಲಿದ್ದಲ ಚೂರು ಗೊತ್ತು. ಅಮ್ಮಿಜಾನ್ ಸೆರಗಿನ ತುದಿಯನ್ನು ಬಾಯಿಂದ ಊದಿ, ಬಿಸಿಮಾಡಿ ಕಣ್ಣಿಗೆ ಒತ್ತುತ್ತಿದ್ದುದೂ ಗೊತ್ತು. ಬ್ರಿಟನ್ನಿನ ಮುಖ್ಯ ರೈಲು ಮಾರ್ಗಗಳಲ್ಲಿ ಉಗಿಬಂಡಿ 1968ರ ಆಗಸ್ಟಿನಲ್ಲಿ ನಿಂತಿತು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿಯಂತ್ರವನ್ನು 1970ರಲ್ಲಿ ಹೊರತಂದು ಅದಕ್ಕೆ 'ಅಂತಿಮ್ ಸಿತಾರಾ' ಎಂದು ಹೆಸರಿಟ್ಟಿತು. ಆದರೂ ನಮ್ಮಲ್ಲಿ ಉಗಿಬಂಡಿಗಳು 1990ರ ದಶಕದವರೆಗೆ ಓಡಿದವು. ಆದ್ದರಿಂದ ನಮಗೆ ಅದು ಕೇಳಿದ ಕಾಲವಲ್ಲ, ಕಂಡ ಕಾಲ. ಕಂಡ ಕಾಲವನ್ನು ಚಿಕ್ಕದಾಗಿ, ಚೊಕ್ಕವಾಗಿ ಮತ್ತೆ ಕಟ್ಟುವಾಗ ಏನನ್ನು ಇಡಬೇಕು, ಏನನ್ನು ಬಿಡಬಹುದು, ಬಿಡುವ ಹಕ್ಕು ಯಾರಿಗಿದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ. ಕಥೆ ಬರೆಯುವವರಿಗೂ ಈ ಪ್ರಶ್ನೆ ದಿನವೂ ಎದುರಾಗುತ್ತದೆ.

ಮೊದಲಿಗೆ ಈ ಹವ್ಯಾಸಿಗಳ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಹಳಿಯ ಅಗಲ 16.5 ಮಿಲಿಮೀಟರ್. ಅದರ ಮೇಲೆ ಓಡುವ ಎಂಜಿನ್ ಮತ್ತು ಬೋಗಿಗಳನ್ನು ಒಂದು ಅಡಿಗೆ 4 ಮಿಲಿಮೀಟರ್ ಲೆಕ್ಕದಲ್ಲಿ ಮಾಡಲಾಗುತ್ತದೆ. ಗುಣಿಸಿ ನೋಡಿದರೆ ಹಳಿ 4 ಅಡಿ ಒಂದೂವರೆ ಅಂಗುಲದ್ದಾಗುತ್ತದೆ. ನಿಜವಾದ ಹಳಿ 4 ಅಡಿ ಎಂಟೂವರೆ ಅಂಗುಲ. ಏಳು ಅಂಗುಲದ ಸುಳ್ಳು. ಅದು ಯಾರೂ ಮೋಸ ಮಾಡಲೆಂದು ಹೇಳಿದ ಸುಳ್ಳಲ್ಲ. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು, ಆ ಕಾಲದ ಮೋಟಾರು ಅವುಗಳ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೈಯನ್ನು ದೊಡ್ಡದು ಮಾಡಿ ಹಳಿಯನ್ನು ಇದ್ದಂತೆಯೇ ಬಿಟ್ಟರು. ಕೋಟ್ಯಂತರ ಜನ ಇದರಲ್ಲಿ ತೊಂದರೆ ಕಾಣಲಿಲ್ಲ. ಆದರೆ ಕೆಲವರಿಗೆ ನಿದ್ದೆ ಬರಲಿಲ್ಲ. ಅವರು 18.83 ಮಿಲಿಮೀಟರ್ ಎಂಬ ಕರಾರುವಾಕ್ಕಾದ ಅಳತೆಗೆ ಹಳಿಯನ್ನು ತಾವೇ ಕೈಯಿಂದ ಕಟ್ಟಿ, ಅಂಗಡಿಯ ಎಂಜಿನ್ನಿನ ಚಕ್ರಗಳನ್ನು ಬಿಚ್ಚಿ ಹೊಸದು ಹಾಕಿ ಓಡಿಸುತ್ತಾರೆ. ಎರಡು ಚಿಲ್ಲರೆ ಮಿಲಿಮೀಟರ್ ಸತ್ಯಕ್ಕಾಗಿ ವರ್ಷಗಟ್ಟಲೆ ದುಡಿಯುತ್ತಾರೆ. ಇಂಥವರನ್ನು ಅಲ್ಲಿಯ ಜನ ರಿವೆಟ್ ಎಣಿಸುವವರು ಎಂದು ಛೇಡಿಸುವುದುಂಟು.

ನಮ್ಮ ದೇಶದಲ್ಲಿ ಈ ಹುಚ್ಚು ಹಿಡಿದವರ ಪಾಡು ಇನ್ನೂ ಕಷ್ಟ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ ಬರುವ ಅಗಲದ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ನಮ್ಮ ಡಬ್ಲ್ಯೂಪಿ ಎಂಜಿನ್ ಯುರೋಪಿನ ಇಕ್ಕಟ್ಟು ಹಳಿಯ ಮೇಲೆ ಓಡಬೇಕು. ತಮಾಷೆ ಏನೆಂದರೆ ನಮ್ಮ ಮೀಟರ್‌ಗೇಜಿನ ವೈಪಿ ಎಂಜಿನ್ನಿಗೆ ಮಾತ್ರ ಸರಿಸುಮಾರಾದ 12 ಮಿಲಿಮೀಟರ್ ಹಳಿ ಸಿಗುತ್ತದೆ. ಕಾರಣ, ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲೂ ಮೀಟರ್‌ಗೇಜ್ ಇದೆ. ಅರಸೀಕೆರೆಯ ಗಾಡಿ ಆಲ್ಪ್ಸ್ ಪರ್ವತದ ಹಳಿಯ ಮೇಲೆ!

ಇಷ್ಟೆಲ್ಲ ಮಾಡಿದರೂ ಕೆಲವು ವಸ್ತುಗಳು ಚಿಕ್ಕದಾಗಲು ಒಪ್ಪುವುದೇ ಇಲ್ಲ. ನೀರು ಒಪ್ಪುವುದಿಲ್ಲ, ಮಾದರಿ ಹೊಳೆಯಲ್ಲಿ ನಿಜವಾದ ನೀರು ಹಾಕಿದರೆ ಅದರ ಹನಿ ದಪ್ಪವಾಗಿ ನಿಲ್ಲುತ್ತದೆ, ಅಲೆ ಏಳುವುದಿಲ್ಲ. ಅದಕ್ಕೇ ವಾರ್ನಿಷ್ ಅಥವಾ ರಾಳ ಸುರಿಯುತ್ತಾರೆ. ಹೊಗೆಯೂ ಒಪ್ಪುವುದಿಲ್ಲ. ಎಣ್ಣೆ ಕಾಯಿಸಿ ಹೊಗೆ ಬಿಡುವ ಸಲಕರಣೆ ಇದೆಯಾದರೂ ಅದು ಊದುಬತ್ತಿಯ ಹಾಗೆ ಎದ್ದು ಕರಗುತ್ತದೆ, ಆಕಾಶ ತುಂಬುವುದಿಲ್ಲ. ಶೆಖೆ, ಭಾರ, ಆಯಾಸ ಇವಂತೂ ಬರುವುದೇ ಇಲ್ಲ. ಒಂದೇ ಒಂದು ಅಸಲಿ ಪದಾರ್ಥ ಮಾತ್ರ ಲೇಔಟಿನಲ್ಲಿ ಇರುತ್ತದೆ: ಕಲ್ಲಿದ್ದಲು. ನಿಜವಾದ ಕಲ್ಲಿದ್ದಲನ್ನು ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಪುಡಿಮಾಡಿ ಟೆಂಡರಿಗೆ ತುಂಬುತ್ತಾರೆ. ಬೇರೆ ಯಾವ ಪ್ಲಾಸ್ಟಿಕ್ಕೂ ಅಷ್ಟು ಚೆನ್ನಾಗಿ ಕಾಣುವುದಿಲ್ಲವಂತೆ.

ಈ ಕಲ್ಲಿದ್ದಲಿನಿಂದಲೇ ನಮ್ಮ ತಕರಾರು ಶುರುವಾಗುತ್ತದೆ. ಪೆಂಡನ್ನಿನ ಹಳ್ಳಿಗಳು ಎರಡು ಮಹಾಯುದ್ಧಗಳ ನಡುವಿನವು. ಅದೇ ಕಾಲದಲ್ಲಿ, 1926ರ ಮೇ ತಿಂಗಳಲ್ಲಿ, ಬ್ರಿಟನ್ನಿನ ಗಣಿ ಕಾರ್ಮಿಕರ ಕೂಲಿ ಕಡಿತದ ವಿರುದ್ಧ ಒಂಬತ್ತು ದಿನಗಳ ಸಾರ್ವತ್ರಿಕ ಮುಷ್ಕರ ನಡೆಯಿತು. ರೈಲ್ವೆ ಕಾರ್ಮಿಕರೂ ಕೆಲಸ ನಿಲ್ಲಿಸಿದರು. ಮುಷ್ಕರ ಮುಗಿದ ಮೇಲೂ ಗಣಿಯವರು ತಿಂಗಳುಗಟ್ಟಲೆ ಹೊರಗಿದ್ದು, ಕೊನೆಗೆ ಹಸಿವಿನಿಂದ ಸೋತು ಕಡಿಮೆ ಕೂಲಿಗೆ ಮರಳಿದರು. ಟೆಂಡರಿನಲ್ಲಿರುವ ಕಲ್ಲಿದ್ದಲು ಅಸಲಿ. ಅದನ್ನು ಅಗೆದವನ ಸುಳಿವು ಎಲ್ಲಿ? ಹಾಗೆಂದು ರಾಯ್ ಇಂಗ್ಲೆಂಡರನ್ನು ದೂರುವುದು ಅನ್ಯಾಯ. ಅವರು ಉಳಿಸಿದ್ದು ಶ್ರೀಮಂತರ ಬಂಗಲೆಗಳನ್ನಲ್ಲ, ಬಡವರ ಗುಡಿಸಲುಗಳನ್ನು. ಅದೊಂದೇ ಕಾರಣಕ್ಕೆ ಅವರ ಕೆಲಸವನ್ನು ನಾವು ಗೌರವದಿಂದ ನೋಡುತ್ತೇವೆ. ನಮ್ಮ ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು ಮಹಾರಾಣಿಯವರ ಸಲೂನಿನ ಮುಂದೆ. ಮೂರನೇ ದರ್ಜೆಯ ಮರದ ಬೆಂಚಿನ ಮುಂದೆ ಯಾರು ನಿಲ್ಲುತ್ತಾರೆ?

ಈಗ ನಮ್ಮದೇ ದೇಶದ ಉಗಿಕಾಲದ ಒಂದು ನಿಲ್ದಾಣವನ್ನು ಯಾರಾದರೂ ಕಟ್ಟುತ್ತಾರೆಂದು ಇಟ್ಟುಕೊಳ್ಳಿ. ಬ್ರಿಟಿಷರ ಕಾಲದ್ದು. ಕಲ್ಲಿನ ಕಟ್ಟಡ, ಮಂಗಳೂರು ಹೆಂಚು, ಬೇವಿನ ಮರ, ನೀರಿನ ತೊಟ್ಟಿ, ಸಿಗ್ನಲ್ಲು. ಹಳಿಯ ಸ್ಲೀಪರುಗಳ ನಡುವಿನ ಅಂತರ ಸರಿಯಾಗಿದೆ, ಎಂಜಿನ್ನಿನ ರಿವೆಟ್ಟುಗಳು ಲೆಕ್ಕಕ್ಕೆ ಸಿಗುತ್ತವೆ. ಇನ್ನು ಪ್ಲಾಟ್‌ಫಾರಂ. ಅಲ್ಲಿ ಎರಡು ಮಡಕೆಗಳನ್ನು ಇಡಬೇಕೇ ಬೇಡವೇ? ಒಂದು ಹಿಂದೂ ಪಾನಿ, ಇನ್ನೊಂದು ಮುಸ್ಲಿಂ ಪಾನಿ. ಅಂದಿನ ಎಷ್ಟೋ ನಿಲ್ದಾಣಗಳಲ್ಲಿ, ಅದರಲ್ಲೂ ಉತ್ತರದಲ್ಲಿ, ಹೀಗೆ ಕೂಗಿಕೊಂಡು ನೀರು ಕೊಡುವವರು ಇದ್ದರು. ಊಟದ ಕೋಣೆಗಳೂ ಬೇರೆಬೇರೆ. 76ರಲ್ಲಿ ಒಂದು ಪಾಲಿನಲ್ಲಿ ಒಂದು ಮಡಕೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದನ್ನು ಮಾಡುವುದು ಕಷ್ಟವಲ್ಲ. ಎಂಜಿನ್ನಿನ ಪಕ್ಕದ ಹಿತ್ತಾಳೆ ಕೊಳವೆಯನ್ನು ಮಾಡಬಲ್ಲ ಕೈಗೆ ಅದು ಐದು ನಿಮಿಷದ ಕೆಲಸ. ಆದರೂ ಆ ಎರಡು ಮಡಕೆಗಳು ಬಿಟ್ಟುಹೋಗುತ್ತವೆ. ಮರೆವಿನಿಂದ ಬಿಟ್ಟುಹೋಗುತ್ತವೋ, ನೋಡಲು ಚೆಂದವಲ್ಲ ಎಂದೋ? ಅಥವಾ ಇಟ್ಟರೆ ಯಾರಾದರೂ ಮಗು ಬಂದು, ಎರಡು ಯಾಕೆ ಎಂದು ಕೇಳೀತೆಂಬ ಅಳುಕೋ?

ಎಂಜಿನ್ನಿನ ಒಳಗೂ ಇದೇ ಕಥೆ. ಬ್ರಿಟಿಷರ ಕಾಲದಲ್ಲಿ ಮೇಲ್ ಗಾಡಿಗಳ ಡ್ರೈವರುಗಳು ಬಹುಮಟ್ಟಿಗೆ ಯುರೋಪಿಯನ್ನರು ಇಲ್ಲವೇ ಆಂಗ್ಲೋ ಇಂಡಿಯನ್ನರು. ಬೆಂಕಿಯ ಬಾಯಿಗೆ ಸಲಿಕೆ ಹಿಡಿದು ನಿಂತವನು ನಮ್ಮವನು. ಸ್ವಾತಂತ್ರ್ಯ ಬಂದ ಮೇಲೆ ಮೈಬಣ್ಣದ ಲೆಕ್ಕ ಹೋಯಿತು, ಸಲಿಕೆ ಉಳಿಯಿತು. ಗಾಡಿ ತಡವಾದಷ್ಟೂ ಡ್ಯೂಟಿ ಬೆಳೆಯುತ್ತಿತ್ತು. 1973ರಲ್ಲಿ ಲೋಕೋ ಸಿಬ್ಬಂದಿ ಮುಷ್ಕರ ಹೂಡಿ, ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಭರವಸೆ ಪಡೆಯಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ನಾಯಕತ್ವದಲ್ಲಿ ದೇಶದ ರೈಲ್ವೆಯೇ ಇಪ್ಪತ್ತು ದಿನ ಸ್ತಬ್ಧವಾದಾಗ ಎಂಟು ಗಂಟೆಯ ಕೆಲಸ ಒಂದು ಮುಖ್ಯ ಬೇಡಿಕೆಯಾಗಿತ್ತು. ಸಾವಿರಾರು ಜನ ಜೈಲು ಸೇರಿದರು. ಕ್ವಾರ್ಟರ್ಸುಗಳಿಂದ ಹೆಂಗಸರು ಮಕ್ಕಳನ್ನು ಪಾತ್ರೆಪಗಡೆ ಸಮೇತ ಹೊರಹಾಕಲಾಯಿತು. ಮೇಜಿನ ಮೇಲೆ ಮಾತ್ರ ಫೈರ್‌ಮನ್ ಎಂದರೆ ನೀಲಿ ಅಂಗಿಯ ಒಂದು ಪ್ಲಾಸ್ಟಿಕ್ ಗೊಂಬೆ, ಅಂಟು ಹಾಕಿ ನಿಲ್ಲಿಸಿದ್ದು. ಅವನಿಗೆ ಬೆವರಿಲ್ಲ. ಎಂಜಿನ್ ಹನ್ನೆರಡು ವೋಲ್ಟ್ ಕರೆಂಟಿನಲ್ಲಿ ಓಡುತ್ತದೆ.

ಇದಕ್ಕೆ ಹವ್ಯಾಸಿ ಕೊಡುವ ಉತ್ತರವನ್ನು ನಾವು ಊಹಿಸಬಲ್ಲೆವು. 'ಹಗಲೆಲ್ಲ ದುಡಿದು ರಾತ್ರಿ ಒಂದು ಗಂಟೆ ಈ ಮೇಜಿನ ಮುಂದೆ ಕೂರುತ್ತೇನೆ. ಪತ್ರಿಕೆ ತೆರೆದರೆ ರಕ್ತ, ಟಿವಿ ಹಚ್ಚಿದರೆ ಬೈಗುಳ. ಇಲ್ಲಾದರೂ ಗಾಡಿ ಹೊತ್ತಿಗೆ ಸರಿಯಾಗಿ ಬರಲಿ, ಬಿಸಿಲು ಹಿತವಾಗಿರಲಿ, ಯಾರೂ ಸಾಯದಿರಲಿ. ನಿಮಗೇನು ನಷ್ಟ ಸ್ವಾಮಿ?' ನಷ್ಟವೇನೂ ಇಲ್ಲ. ದುಃಖದ ತೆರಿಗೆ ಕಟ್ಟಿದವನಿಗೆ ಮಾತ್ರ ಖುಷಿಯ ಪರವಾನಗಿ ಎಂಬ ಕಾನೂನನ್ನು ನಾವು ಒಪ್ಪುವುದಿಲ್ಲ. ಮಗು ರೈಲು ಬಿಟ್ಟು ಆಡುವಾಗ ಅದರ ಮುಂದೆ ಹೋಗಿ ಗಣಿ ಕಾರ್ಮಿಕರ ಚರಿತ್ರೆ ಹೇಳುವವನು ಒಳ್ಳೆಯ ಮನುಷ್ಯನಲ್ಲ.

ಆದರೆ ಆ ಹವ್ಯಾಸಿ ಅಷ್ಟಕ್ಕೇ ನಿಲ್ಲುವುದಿಲ್ಲ, ನೋಡಿ. ಇದು ನನ್ನ ಆಟಿಕೆ ಎಂದರೆ ಮಾತು ಮುಗಿಯಿತು. ಇದು ಇಂಥ ಊರು, ಇಂಥ ವರ್ಷ, ಹೀಗೆಯೇ ಇತ್ತು ಎಂದು ಫಲಕ ಹಾಕಿದ ಕ್ಷಣ ಬೇರೆ ವ್ಯವಹಾರ ಶುರುವಾಗುತ್ತದೆ. ಈಗ ಅವನ ಕೈಯಲ್ಲಿರುವುದು ಆಟಿಕೆಯಲ್ಲ, ಇತರರ ಅಮಾನತ್ತು. ಅಮಾನತ್ತನ್ನು ಇಟ್ಟುಕೊಂಡವನು ತನಗೆ ಇಷ್ಟವಾದ ನಾಣ್ಯಗಳನ್ನಷ್ಟೇ ವಾಪಸು ಕೊಡುವಂತಿಲ್ಲ. ಏಳು ಅಂಗುಲದ ಸುಳ್ಳು ಸಹಿಸಲಾರದವನು ಎರಡು ಮಡಕೆಗಳ ಸತ್ಯವನ್ನು ಸುಲಭವಾಗಿ ಕೈಬಿಟ್ಟರೆ, ಅವನ ಕರಾರುವಾಕ್ಕುತನ ಕಬ್ಬಿಣಕ್ಕೆ ಸಲ್ಲುತ್ತದೆ, ಮನುಷ್ಯರಿಗಲ್ಲ ಎನ್ನಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ಇಡಬೇಕೆ? ಇಲ್ಲಿ ನಮ್ಮ ವಾದ ನಮಗೇ ತೊಡಕಾಗುತ್ತದೆ. 1921ರ ನವೆಂಬರ್ 19ರಂದು ಮಲಬಾರಿನ ತಿರೂರು ನಿಲ್ದಾಣದಲ್ಲಿ ಸುಮಾರು ನೂರು ಮಂದಿ ಕೈದಿಗಳನ್ನು ಮುಚ್ಚಿದ ಒಂದು ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಾಗಿಲು ಹಾಕಲಾಯಿತು. ಬಹುತೇಕ ಮಾಪಿಳ್ಳೆಗಳು, ಕೆಲವರು ಹಿಂದೂಗಳೂ ಇದ್ದರು. ಅವರನ್ನು ಒಯ್ಯುತ್ತಿದ್ದುದು ನಮ್ಮ ಬಳ್ಳಾರಿಯ ಜೈಲಿಗೆ. ದಾರಿಯ ನಿಲ್ದಾಣಗಳಲ್ಲಿ ಗಾಡಿ ನಿಂತಿತು, ಹೊರಟಿತು. ಆ ಬಾಗಿಲನ್ನು ಮಾತ್ರ ಯಾರೂ ತೆಗೆಯಲಿಲ್ಲ. ಪೋದನೂರಿನಲ್ಲಿ ತೆಗೆದಾಗ ಒಳಗೆ ಹೆಣಗಳ ರಾಶಿ. ಆಮೇಲೆ ಸತ್ತವರೂ ಸೇರಿ ಅರವತ್ತಕ್ಕೂ ಹೆಚ್ಚು ಜೀವಗಳು ಉಸಿರು ಕಟ್ಟಿ ಹೋದವು. ಬಳ್ಳಾರಿ ಅವರಿಗೆ ಸಿಗಲೇ ಇಲ್ಲ.

ಮುಚ್ಚಿದ ಗೂಡ್ಸ್ ವ್ಯಾಗನ್ ಎಂಬುದು ಮಾದರಿ ರೈಲಿನ ಅಂಗಡಿಯಲ್ಲಿ ಸಿಗುವ ಅತಿ ಸಾಮಾನ್ಯ ಸರಕು. ಕಂದು ಬಣ್ಣದ ಚಿಕ್ಕ ಪೆಟ್ಟಿಗೆ, ನಾಲ್ಕು ಚಕ್ರ. ಯಾರಾದರೂ 1921ರ ತಿರೂರನ್ನು ಕಟ್ಟಿದರೆ ಆ ವ್ಯಾಗನ್ ಅದರಲ್ಲಿ ಇರಬೇಕು. ಆದರೆ ಹೇಗೆ? ಬಾಗಿಲು ತೆರೆದು, ಒಳಗೆ ಒಂದಂಗುಲವೂ ಇಲ್ಲದ ಹೆಣಗಳನ್ನು ಬಣ್ಣ ಬಳಿದು ಪೇರಿಸಬೇಕೆ? ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ನೋಡುವವರು ಬಗ್ಗಿ ನೋಡಿ, ಅಬ್ಬಾ ಎಷ್ಟು ನಾಜೂಕಿನ ಕೆಲಸ ಎಂದು ಹೊಗಳುತ್ತಾರೆ. ನೀರಿನ ಹಾಗೆ, ಹೊಗೆಯ ಹಾಗೆ, ಸಾವೂ ಚಿಕ್ಕದಾಗಲು ಒಪ್ಪುವುದಿಲ್ಲ. ಒಂದಂಗುಲದ ಗುಡಿಸಲು ಪ್ರೀತಿ ಹುಟ್ಟಿಸುತ್ತದೆ. ಒಂದಂಗುಲದ ಹೆಣ ಕುತೂಹಲವನ್ನಷ್ಟೇ ಹುಟ್ಟಿಸುತ್ತದೆ. ಸತ್ತವರಿಗೆ ಅದು ಎರಡನೆಯ ಅವಮಾನ.

ಹಾಗೆಂದು ಅಳಿಸಿಹಾಕುವುದು ಉತ್ತರವಲ್ಲ. 2018ರಲ್ಲಿ ತಿರೂರು ರೈಲು ನಿಲ್ದಾಣದ ಗೋಡೆಯ ಮೇಲೆ ಆ ದುರಂತದ ಚಿತ್ರ ಬರೆಸಲಾಗಿತ್ತು. ಆಕ್ಷೇಪ ಬಂದೊಡನೆ ರೈಲ್ವೆಯವರೇ ಅದರ ಮೇಲೆ ಬಣ್ಣ ಬಳಿಸಿದರು. ಗೋಡೆ ಈಗ ಶುಭ್ರವಾಯಿತೆಂದು ಯಾರಿಗಾದರೂ ಅನ್ನಿಸಿದ್ದರೆ ಅದು ಅವರ ನಸೀಬು.

ಯುರೋಪಿನವರೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿದವರೇ. ಹಿಟ್ಲರನ ಜರ್ಮನಿ 1942ರಿಂದ ಯುದ್ಧಕ್ಕೆಂದೇ ಆರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿಸಿದ 52ನೇ ವರ್ಗದ ಉಗಿಯಂತ್ರದ ಮಾದರಿಗಳು ಇಂದಿಗೂ ಹವ್ಯಾಸಿಗಳ ಕಪಾಟಿನಲ್ಲಿವೆ. ಯಂತ್ರದ ಮೇಲೆ ನಮಗೆ ಕೋಪವಿಲ್ಲ. ಯುದ್ಧ ಮುಗಿದ ಮೇಲೆ ಅದೇ ಯಂತ್ರಗಳು ಹಲವು ದೇಶಗಳಲ್ಲಿ ಪ್ರಯಾಣಿಕರನ್ನೂ ಸರಕನ್ನೂ ಎಳೆದವು. ಕ್ಲೋದ್ ಲಾಂಜ್ಮನ್ 'ಶೋವಾ' ಎಂಬ ಒಂಬತ್ತು ಗಂಟೆಗೂ ಮಿಕ್ಕ ಸಾಕ್ಷ್ಯಚಿತ್ರ ಮಾಡಿದಾಗ, ಅದು 1985ರಲ್ಲಿ ಹೊರಬಂತು, ಹೆಣಗಳ ಹಳೆಯ ಫಿಲಮನ್ನು ಒಂದು ಚೂರೂ ಬಳಸಲಿಲ್ಲ. ಟ್ರೆಬ್ಲಿಂಕಾಕ್ಕೆ ಯಹೂದಿಗಳ ಗಾಡಿ ಎಳೆದಿದ್ದ ಒಬ್ಬ ಪೋಲಿಷ್ ಡ್ರೈವರನನ್ನು ಮತ್ತೊಮ್ಮೆ ಉಗಿ ಎಂಜಿನ್ ಹತ್ತಿಸಿದರು. ಆತ ಕಿಟಕಿಯಿಂದ ವಾಲಿ ಹಿಂದಕ್ಕೆ ನೋಡುತ್ತಾನೆ. ಹಿಂದೆ ವ್ಯಾಗನ್ನುಗಳೇ ಇಲ್ಲ. ಆದರೂ ಆತನಿಗೆ ಅವು ಕಾಣುತ್ತಿವೆ ಎಂದು ನಮಗೆ ತಿಳಿಯುತ್ತದೆ.

ಉರ್ದು ಓದಿ ಬೆಳೆದ ನಮಗೆ ಇಲ್ಲಿ ಎರಡು ಕಥೆಗಳು ನೆನಪಾಗದೆ ಇರುವುದಿಲ್ಲ. ಎರಡೂ ದೇಶವಿಭಜನೆಯ ಕಥೆಗಳು, ಎರಡರಲ್ಲೂ ಉಗಿಬಂಡಿಯಿದೆ. ಕೃಷ್ಣಚಂದರ್ ಅವರ 'ಪೇಶಾವರ್ ಎಕ್ಸ್‌ಪ್ರೆಸ್'ನಲ್ಲಿ ರೈಲೇ ಬಾಯಿಬಿಟ್ಟು ಕಥೆ ಹೇಳುತ್ತದೆ. ಯಾವ ಸ್ಟೇಷನ್ನಿನಲ್ಲಿ ಯಾರು ಯಾರನ್ನು ಕೊಂದರು, ಎಲ್ಲವನ್ನೂ ತೆರೆದಿಡುತ್ತದೆ, ಎರಡೂ ಕಡೆಯ ಲೆಕ್ಕ ಸರಿಯಾಗಿರುವಂತೆ. ಮಂಟೋ ಅವರ 'ಖೋಲ್ ದೋ' ಕೂಡ ವಿಶೇಷ ರೈಲಿನಿಂದಲೇ ಶುರುವಾಗುತ್ತದೆ. ಆದರೆ ಮಂಟೋ ಆ ರೈಲಿನ ಒಳಗಿನದನ್ನು ಎರಡೇ ಮಾತಿನಲ್ಲಿ ಮುಗಿಸಿ, ಮಗಳನ್ನು ಕಳಕೊಂಡ ಒಬ್ಬ ಮುದುಕನ ಹಿಂದೆ ಹೋಗುತ್ತಾರೆ. ಕೃಷ್ಣಚಂದರರ ನಿಯ್ಯತ್ತಿನ ಬಗ್ಗೆ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಓದಿ ವರ್ಷಗಳು ಕಳೆದ ಮೇಲೆ ನಮ್ಮ ನಿದ್ದೆ ಕೆಡಿಸುವುದು ಮಂಟೋ ಅವರ ರೈಲು. ಬಿಟ್ಟದ್ದಕ್ಕೂ ಮುಚ್ಚಿಟ್ಟದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಮಂಟೋ ಬಿಟ್ಟ ಜಾಗ ಖಾಲಿಯಾಗಿ ಕಾಣುತ್ತದೆ. ಓದುವವನ ಕಾಲು ಅಲ್ಲಿ ಎಡವುತ್ತದೆ. ಮುಚ್ಚಿಟ್ಟವನು ಆ ಜಾಗದ ಮೇಲೆ ಹುಲ್ಲು ಬೆಳೆಸಿರುತ್ತಾನೆ.

ಲೇಔಟ್ ಕಟ್ಟುವವರ ಬಳಿ ಇದಕ್ಕೊಂದು ಉಪಾಯ ಆಗಲೇ ಇದೆ, ಅವರು ಅದನ್ನು ಬೇರೆ ಕಾರಣಕ್ಕೆ ಮಾಡಿಕೊಂಡದ್ದು. ಯಾವ ಮೇಜೂ ಇಡೀ ರೈಲುಮಾರ್ಗಕ್ಕೆ ಸಾಲುವುದಿಲ್ಲ. ಆದ್ದರಿಂದ ಒಂದು ನಿಲ್ದಾಣವನ್ನಷ್ಟೇ ಕಟ್ಟಿ, ಅದರ ಎರಡು ತುದಿಗಳಲ್ಲಿ ಸೇತುವೆಯನ್ನೋ ಸುರಂಗವನ್ನೋ ಇಟ್ಟು, ಹಳಿಯನ್ನು ಗೋಡೆಯ ಹಿಂದಕ್ಕೆ ಒಯ್ಯುತ್ತಾರೆ. ಅಲ್ಲಿ ಹುಲ್ಲಿಲ್ಲ, ಮನೆಗಳಿಲ್ಲ. ಬರೀ ಹಲಗೆ, ಅದರ ಮೇಲೆ ಸಾಲುಸಾಲು ಹಳಿಗಳು. ಅದಕ್ಕೆ ಫಿಡಲ್ ಯಾರ್ಡ್ ಎನ್ನುತ್ತಾರೆ. ಜಗತ್ತಿನ ಉಳಿದ ಎಲ್ಲ ಊರುಗಳೂ ಅಲ್ಲೇ. ಗಾಡಿ ಅಲ್ಲಿಂದ ಹೊರಡುತ್ತದೆ, ಜನರ ಕಣ್ಣೆದುರು ಎರಡು ನಿಮಿಷ ನಿಲ್ದಾಣದಲ್ಲಿ ನಿಲ್ಲುತ್ತದೆ, ಮತ್ತೆ ಅಲ್ಲಿಗೇ ಹೋಗುತ್ತದೆ. ಹಿಂದೆ ಸ್ಟೂಲಿನ ಮೇಲೆ ಕೂತ ಒಬ್ಬಾತ ಬೋಗಿಗಳನ್ನು ಕೈಯಿಂದ ಎತ್ತಿ ಮುಂದಿನ ಗಾಡಿಯನ್ನು ಜೋಡಿಸುತ್ತಿರುತ್ತಾನೆ.

ತಿರೂರನ್ನು ಕಟ್ಟಿದರೆ ಹೀಗೆ ಕಟ್ಟಬಹುದು. ಸಂಜೆಯ ಹೊತ್ತು, ತೆಂಗಿನ ಮರಗಳು, ನಿಲ್ದಾಣದ ಮಂದ ದೀಪ. ಗಾಡಿಯಲ್ಲಿ ಒಂದು ಮುಚ್ಚಿದ ವ್ಯಾಗನ್, ಅದರ ಚಿಲಕ ಹಾಕಿದೆ. ಪ್ಲಾಟ್‌ಫಾರಮ್ಮಿನ ಮೇಲೆ ಅದರ ಎದುರಿಗೆ ಇಬ್ಬರು ಪೇದೆಗಳು, ಮತ್ತಾರೂ ಇಲ್ಲ. ಫಲಕದಲ್ಲಿ ತಾರೀಕು ಮತ್ತು ಊರಿನ ಹೆಸರು ಮಾತ್ರ. ಗೊತ್ತಿದ್ದವರು ನಿಲ್ಲುತ್ತಾರೆ, ಗೊತ್ತಿಲ್ಲದವರು ಕೇಳುತ್ತಾರೆ, ಕೆಲವರು ಎಂಜಿನ್ನಿನ ರಿವೆಟ್ ಎಣಿಸಿ ಮುಂದೆ ಹೋಗುತ್ತಾರೆ. ಹೊತ್ತಾದಾಗ ಗಾಡಿ ಹೊರಟು ಸೇತುವೆಯ ಕೆಳಗೆ ನುಸುಳಿ ಮರೆಯಾಗುತ್ತದೆ. ಪೋದನೂರು ಗೋಡೆಯ ಹಿಂದೆ, ಬಣ್ಣ ಹಚ್ಚದ ಹಲಗೆಯ ಮೇಲಿದೆ. ಆ ವ್ಯಾಗನ್ನನ್ನು ಹಳಿಯಿಂದ ಎತ್ತಿ ಪಕ್ಕಕ್ಕಿಡುವ ಕೆಲಸ ಸ್ಟೂಲಿನ ಮೇಲೆ ಕೂತವನದ್ದು.